ಗಿಮ್ಲಿಯನ್ನು ನಗೆಪಾಟಲು ಮಾಡಿದ್ದು ಯಾಕೆ?

ಚಾಂಪಿಯನ್ ರೀಫ್ ಮೊಮ್ಮಗ:
ನಿನ್ನೆ ರಾತ್ರಿ 'ಲಾರ್ಡ್ ಆಫ್ ದಿ ರಿಂಗ್ಸ್' ಎರಡನೇ ಸಿನಿಮಾ ಮತ್ತೆ ನೋಡಿದೆ. ಹೊಟ್ಟೆ ಉರಿಯಿತು. ಮೂಲ ಕಾದಂಬರಿಯಲ್ಲಿ ಟಾಲ್ಕಿನ್ ಬರೆದ ಗಿಮ್ಲಿ ಗಂಭೀರ ವೀರ, ಗಣಿಗಾರರಾದ ಕುಬ್ಜರ ಕುಲದವನು. ಸಿನಿಮಾದಲ್ಲಿ ಅವನು ಓಡಲಾರದೆ ಏದುಸಿರು ಬಿಡುತ್ತಾನೆ, ಕುದುರೆಯಿಂದ ಬೀಳುತ್ತಾನೆ. ಯುದ್ಧದ ನಡುವೆ "ನನ್ನನ್ನು ಎತ್ತಿ ಎಸೆ, ಆದರೆ ಎಲ್ಫ್‌ಗೆ ಹೇಳಬೇಡ" ಅಂತ ಕೇಳಿಕೊಳ್ಳುತ್ತಾನೆ. ಆ ಎಲ್ಫ್ ಅಂದರೆ ಬೇರೆ ಕುಲದ ಗೆಳೆಯ ಲೆಗೊಲಾಸ್. ಎಲ್ಲರೂ ನಗಬೇಕು, ಅಷ್ಟೇ.

ಪುಸ್ತಕದಲ್ಲಿ ಅದೇ ಯುದ್ಧ ಮುಗಿದ ಮೇಲೆ ಗಿಮ್ಲಿ ತಾನು ಕಂಡ ಗುಹೆಗಳ ಬಗ್ಗೆ ಮಾತಾಡುತ್ತಾನೆ. ಆ ಕಲ್ಲನ್ನು ನಮ್ಮವರು ಅಗೆದು ಹಾಳು ಮಾಡಲ್ಲ, ಹೂದೋಟದ ಹಾಗೆ ಕಾಯುತ್ತಾರೆ, ಇಡೀ ದಿನ ಜೀವ ಕೈಯಲ್ಲಿ ಹಿಡಿದು ಒಂದೇ ಒಂದು ಚೂರು ಕೆತ್ತುತ್ತಾರೆ ಅನ್ನುತ್ತಾನೆ. ನಮ್ಮ ತಾತ ಕೆಜಿಎಫ್ ಗಣಿಯಲ್ಲಿ ದುಡಿದವರು. ಮನೆಯಲ್ಲಿ ಬೆಣಚುಕಲ್ಲಿನ ತುಂಡು ಒಂದಿತ್ತು. ಅದನ್ನು ಹೆಬ್ಬೆರಳಲ್ಲಿ ಸವರಿ, ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದು, ಕೂದಲೆಳೆಯಷ್ಟು ಹಳದಿ ಗೆರೆ ತೋರಿಸುತ್ತಿದ್ದರು. ಗಣಿ ಮುಚ್ಚಿದ್ದು 2001ರಲ್ಲಿ. ಮೊದಲ ಸಿನಿಮಾ ಬಂದಿದ್ದೂ ಅದೇ ವರ್ಷ. ನೆಲದಡಿ ದುಡಿಯುವವನನ್ನು ಕೋಡಂಗಿ ಮಾಡಿದ್ದು ನನಗೆ ಸಹಿಸಲು ಆಗುತ್ತಿಲ್ಲ.

ಗುಬ್ಬಿ ಗೇಟ್:
"ಗಂಭೀರ" ಅಂದಿರಿ. ಪುಸ್ತಕ ಪೂರ್ತಿ ಓದಿದ್ದೀರಾ? ಅದೇ ಯುದ್ಧದಲ್ಲಿ ಯಾರು ಜಾಸ್ತಿ ಶತ್ರುಗಳನ್ನು ಕೊಂದರು ಅಂತ ಗಿಮ್ಲಿ ಮತ್ತು ಲೆಗೊಲಾಸ್ ಪೈಪೋಟಿಗೆ ಬೀಳುತ್ತಾರೆ. ಗಿಮ್ಲಿ 42, ಲೆಗೊಲಾಸ್ 41. ಇದು ಟಾಲ್ಕಿನ್ ಬರೆದಿದ್ದೇ, ನಿರ್ದೇಶಕ ಪೀಟರ್ ಜಾಕ್ಸನ್ ತಂದು ಸೇರಿಸಿದ್ದಲ್ಲ. ಕಥೆಗೆ ನಗು ಬೇಕೇ ಬೇಕು. ನಮ್ಮ ಗುಬ್ಬಿ ವೀರಣ್ಣನವರು 'ಸದಾರಮೆ'ಯ ಕಳ್ಳನಾಗಿ ಊರೂರು ನಗಿಸಿದರು. ಕುಮಾರವ್ಯಾಸ ಉತ್ತರಕುಮಾರನನ್ನು ಹಾಸ್ಯಕ್ಕೆ ಎಳೆದ. ಅವನನ್ನು ಯಾರಾದರೂ ಬೈಯುತ್ತಾರಾ?

ಕೈವಾರದ ಕಡೆಯವಳು:
ಕುಮಾರವ್ಯಾಸ "ಎಳೆದ" ಅಂದರೇನು? ವ್ಯಾಸಭಾರತದ ವಿರಾಟಪರ್ವದಲ್ಲೇ ಉತ್ತರ ಹೆಂಗಸರ ಮುಂದೆ ಜಂಬ ಕೊಚ್ಚುತ್ತಾನೆ. ಕೌರವರ ಸೇನೆ ಕಂಡು ರಥದಿಂದ ಹಾರಿ ಓಡುತ್ತಾನೆ. ಅರ್ಜುನ ಕೂದಲು ಹಿಡಿದು ವಾಪಸ್ ತರುತ್ತಾನೆ. ತಿಳಿಯದೆ ಕವಿಯ ತಲೆಗೆ ಕಟ್ಟಬೇಡಿ.

ಗುಬ್ಬಿ ಗೇಟ್:
ಹಾಗಾದರೆ ನನ್ನ ಮಾತೇ ಸರಿಯಾಯಿತು. ಮೂಲದಲ್ಲೇ ಹಾಸ್ಯ ಇದೆ.

ಕೈವಾರದ ಕಡೆಯವಳು:
ಮೂಲ ಅಲ್ಲಿಗೇ ಮುಗಿಯಿತಾ? ಭೀಷ್ಮಪರ್ವ ತೆಗೆದು ನೋಡಿ. ಯುದ್ಧದ ಮೊದಲ ದಿನವೇ ಉತ್ತರ ಆನೆ ಏರಿ ಶಲ್ಯನ ಮೇಲೆ ನುಗ್ಗುತ್ತಾನೆ. ಶಲ್ಯನ ರಥದ ಕುದುರೆಗಳು ಸಾಯುತ್ತವೆ. ಆಮೇಲೆ ಶಲ್ಯ ಎಸೆದ ಶಕ್ತ್ಯಾಯುಧಕ್ಕೆ ಉತ್ತರ ಪ್ರಾಣ ಬಿಡುತ್ತಾನೆ. ಅವತ್ತು ಓಡಿದ್ದ ಹುಡುಗ ಇವತ್ತು ಓಡಲಿಲ್ಲ. ಅದನ್ನು ಯಾರು ಹೇಳುತ್ತಾರೆ?

ಅಮಾನಿಕೆರೆ ಏರಿ:
"ಉತ್ತರನ ಪೌರುಷ ಒಲೆ ಮುಂದೆ" ಅನ್ನೋ ಗಾದೆ ಸುಮ್ನೆ ಹುಟ್ಟಲಿಲ್ಲ. ಅದು ಜನ ಕೊಟ್ಟ ತೀರ್ಪು. ಶಲ್ಯನ ಕಥೆ ಪಂಡಿತರಿಗೆ ಗೊತ್ತಿರಬಹುದು. ಜನಕ್ಕೆ ಬೇಕಾಗಿದ್ದು ಓಡುವ ಉತ್ತರ.

ಕೈವಾರದ ಕಡೆಯವಳು:
ತೀರ್ಪು ಅಲ್ಲ, ಅರ್ಧ ಕಥೆಯನ್ನೇ ಆಡಿ ಆಡಿ ಆದ ಅಭ್ಯಾಸ. ನಮ್ಮ ಚಿಕ್ಕಪ್ಪ ಊರ ನಾಟಕದಲ್ಲಿ ಉತ್ತರನ ಪಾತ್ರ ಮಾಡುತ್ತಿದ್ದರು. ಪಂಚೆ ಜಾರುವ ಹಾಗೆ ಓಡಬೇಕು ಅಂತ ಹಾರ್ಮೋನಿಯಂ ಮೇಷ್ಟ್ರು ಓಡಿ ತೋರಿಸಿ ಕಲಿಸಿದ್ದರು. ಆ ಸೀನ್ ಮುಗಿದರೆ ಚಿಕ್ಕಪ್ಪನ ಕೆಲಸ ಮುಗಿಯಿತು. ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಒರೆಸಿಕೊಂಡು, ಪರದೆ ಹಿಂದೆ ಚಾಪೆ ಮೇಲೆ ಮಲಗುತ್ತಿದ್ದರು. ಶಲ್ಯನ ಎದುರು ನಿಲ್ಲುವ ಸೀನ್ ಅವರಿಗೆ ಒಂದು ಸಲವೂ ಸಿಗಲಿಲ್ಲ.

ಗುಬ್ಬಿ ಗೇಟ್:
"ಅರ್ಧ ಕಥೆ" ಅಂತೀರಾ? ರಾತ್ರಿಯಿಡೀ ನಿದ್ದೆಗೆಟ್ಟು ಹಳ್ಳಿ ಜನ ಆಡುವ ನಾಟಕಕ್ಕೆ ಮಾಡಿದ ಅವಮಾನ ಇದು. ಆ ಮೇಷ್ಟ್ರುಗಳು ಇರದಿದ್ದರೆ ತುಮಕೂರು, ಕೋಲಾರದ ಹಳ್ಳಿಗಳಲ್ಲಿ ಭಾರತದ ಹೆಸರು ಯಾರ ಬಾಯಲ್ಲಿ ಉಳಿಯುತ್ತಿತ್ತು? ಮಾತು ವಾಪಸ್ ತಗೊಳ್ಳಿ.

ಕೈವಾರದ ಕಡೆಯವಳು:
ತಗೊಳ್ಳಲ್ಲ.

ಮಾವಿನ ತೋಪು:
ಶ್ರೀನಿವಾಸಪುರದ ಕಡೆ ನಾವು ತೆಲುಗು ಸಿನಿಮಾ ನೋಡಿಯೇ ಬೆಳೆದವರು. 1957ರ 'ಮಾಯಾಬಜಾರ್' ನೋಡಿ. ಎಸ್.ವಿ. ರಂಗಾರಾವ್ ಅವರ ಘಟೋತ್ಕಚ ಮದುವೆ ಊಟ ಎಲ್ಲಾ ಬಾಚಿ ತಿನ್ನುತ್ತಾನೆ, ನಾವು ನಕ್ಕು ನಕ್ಕು ಸುಸ್ತಾಗುತ್ತೇವೆ. ಆದರೆ ಅವನು ಗದೆ ಹೆಗಲಿಗಿಟ್ಟು ನಿಂತರೆ ಯಾರಿಗೂ ನಗು ಬರಲ್ಲ. ನಗಿಸುವುದು ಬೇರೆ, ನಗೆಪಾಟಲು ಮಾಡುವುದು ಬೇರೆ.

ಹ್ಯಾರಿ ಪಾಟರ್‌ನ ಗೆಳೆಯ ರಾನ್‌ಗೂ ಇದೇ ಗತಿ. ಮೂರನೇ ಪುಸ್ತಕದಲ್ಲಿ ಕಾಲು ಮುರಿದಿದ್ದರೂ ರಾನ್ ಎದ್ದು ನಿಂತು, ಹ್ಯಾರಿಯನ್ನು ಕೊಲ್ಲಬೇಕಾದರೆ ನಮ್ಮನ್ನೂ ಕೊಲ್ಲಬೇಕು ಅನ್ನುತ್ತಾನೆ. 2004ರ ಸಿನಿಮಾದಲ್ಲಿ ಆ ಮಾತು ಅವರ ಗೆಳತಿ ಹರ್ಮಯೊನಿ ಬಾಯಿಗೆ ಹೋಯಿತು. ರಾನ್ ನೋವಿನಿಂದ ನರಳುತ್ತಾ ಕೂತಿರುತ್ತಾನೆ.

ಅಮಾನಿಕೆರೆ ಏರಿ:
ಊಟದ ಸೀನ್‌ಗೆ ಎಲ್ಲರೂ ನಕ್ಕಿರಿ ಅಂತ ನೀವೇ ಬರೆದಿದ್ದೀರಿ. ಮತ್ತೆ ಜಗಳ ಯಾತಕ್ಕೆ?

ಚಾಂಪಿಯನ್ ರೀಫ್ ಮೊಮ್ಮಗ:
ಸ್ವಲ್ಪ ಗಿಮ್ಲಿ ವಿಷಯಕ್ಕೆ ಬನ್ನಿ. 42, 41 ಅಂತ ಲೆಕ್ಕ ಕೊಟ್ಟವರು ಮುಂದಿನ ಸಾಲು ಬಿಟ್ಟುಬಿಟ್ಟರು. ಒಂದು ತಲೆಯಿಂದ ಸೋತ ಲೆಗೊಲಾಸ್, ನೀನು ಬದುಕಿ ಎದ್ದು ನಿಂತಿದ್ದು ನೋಡಿದ ಸಂತೋಷದಲ್ಲಿ ಸೋತಿದ್ದಕ್ಕೆ ಬೇಜಾರಿಲ್ಲ ಅನ್ನುತ್ತಾನೆ. ಅದು ಇಬ್ಬರು ಗೆಳೆಯರ ಆಟ.

ಇನ್ನೊಂದು. ಸತ್ತವರ ದಾರಿ ಅಂತ ಪ್ರೇತಗಳಿರುವ ಸುರಂಗ ಒಂದಿದೆ, ಅದರ ಬಾಗಿಲಲ್ಲಿ ಗಿಮ್ಲಿಗೆ ಪುಸ್ತಕದಲ್ಲೂ ಭಯ ಆಗುತ್ತದೆ. ಎಲ್ಫ್ ನೆಲದೊಳಗೆ ಹೋಗುತ್ತಾನೆ, ಕುಬ್ಜನಿಗೆ ಧೈರ್ಯ ಇಲ್ಲ, ಇಂಥದ್ದು ಎಲ್ಲೂ ಕೇಳಿಲ್ಲ ಅಂದುಕೊಂಡು ನಡುಗುತ್ತಲೇ ಒಳಗೆ ಹೋಗುತ್ತಾನೆ. ಸಿನಿಮಾದಲ್ಲೂ ಇದೇ ಮಾತು ಇದೆ. ಆದರೆ ಕೊನೆಗೆ, ಇವನು ನನ್ನನ್ನು ಜೀವನಪೂರ್ತಿ ಆಡಿಕೊಳ್ಳುತ್ತಾನೆ ಅನ್ನೋ ಅರ್ಥದ ಒಂದು ಸಾಲು ಅಂಟಿಸಿದ್ದಾರೆ. ಆ ಒಂದು ಸಾಲಿಗೆ ಭಯವೆಲ್ಲ ಜೋಕ್ ಆಯಿತು. ಕತ್ತಲ ಸುರಂಗಕ್ಕೆ ಇಳಿಯುವ ಭಯ ಏನು ಅಂತ ನಮ್ಮ ಮನೆಯಲ್ಲಿ ಗೊತ್ತು. ತಾತ ಪಾಳಿಗೆ ಹೊರಟಾಗ ಅಜ್ಜಿ ಬಾಗಿಲಲ್ಲಿ ಒಂದು ಮಾತೂ ಆಡುತ್ತಿರಲಿಲ್ಲ.

ಗುಬ್ಬಿ ಗೇಟ್:
ನಡುಗುತ್ತಾನೆ ಅಂತ ನೀವೇ ಒಪ್ಪಿಕೊಂಡಿರಿ, ಅಲ್ಲಿಗೆ ಆಯಿತು. ಕೈವಾರದವರೇ, ಆ ಹಾರ್ಮೋನಿಯಂ ಮೇಷ್ಟ್ರು ತಪ್ಪು ಮಾಡಿದರು ಅಂತ ನೇರವಾಗಿ ಹೇಳುತ್ತೀರಾ, ಇಲ್ವಾ?

ಕೈವಾರದ ಕಡೆಯವಳು:
ಹೇಳುತ್ತೇನೆ. ತಪ್ಪು ಮಾಡಿದರು. ಚಿಕ್ಕಪ್ಪ ಸಂತೆಗೆ ಹೋದರೂ ಹುಡುಗರು ಹಿಂದಿನಿಂದ "ಓಡೋ ಉತ್ತರಾ" ಅಂತ ಕೂಗುತ್ತಿದ್ದರು. ಅವರಿಗೆ ಅರವತ್ತು ದಾಟಿದ ಮೇಲೂ ಕೂಗುತ್ತಿದ್ದರು.