ಪ್ರತಿ ಸೀಟಿಗೂ ತಕರಾರು: ಭಾನುವಾರದ ಬಾಸ್ಕೆಟ್‌ಬಾಲ್‌ನಲ್ಲಿ ರೆಫ್ರಿ ಏನು ಮಾಡಬೇಕು?

ವಿದ್ಯಾನಗರ ಸೀಟಿ:

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯವನು, ವಯಸ್ಸು 46. ಕಾಲೇಜಿನಲ್ಲಿ ಆಡುತ್ತಿದ್ದೆ. ಬಲ ಮೊಣಕಾಲಿನ ನೋವು ಜಾಸ್ತಿಯಾದ ಮೇಲೆ ಆಟ ಬಿಟ್ಟು ಸೀಟಿ ಹಿಡಿದಿದ್ದೇನೆ. ಭಾನುವಾರ ಬೆಳಿಗ್ಗೆ ಆರೂವರೆಗೆ ನಮ್ಮಲ್ಲಿ 35 ದಾಟಿದವರ ಮ್ಯಾಚ್ ಇರುತ್ತದೆ. ರೈಲ್ವೆಯವರು, ಬ್ಯಾಂಕಿನವರು, ದಾಜಿಬಾನ ಪೇಟೆಯ ಅಂಗಡಿಯವರು, ಇಬ್ಬರು ಡಾಕ್ಟರು. ಟ್ರೋಫಿ ಇಲ್ಲ, ದುಡ್ಡಿಲ್ಲ. ಮುಗಿದ ಮೇಲೆ ಎಲ್ಲರೂ ಸೇರಿ ಒಗ್ಗರಣಿ, ಮಿರ್ಚಿ, ಚಹಾ. ವಾರವೆಲ್ಲ ನಾನು ಅದಕ್ಕೇ ಕಾಯುತ್ತೇನೆ.

ತೊಂದರೆ ಒಬ್ಬರಿಂದ ಶುರುವಾಯಿತು. ಕಾಲೇಜಿನಲ್ಲಿ ನನಗಿಂತ ಮೂರು ವರ್ಷ ದೊಡ್ಡವರು. ನನಗೆ ಲೇ-ಅಪ್ (ಓಡಿ ಬಂದು ಹತ್ತಿರದಿಂದ ಬುಟ್ಟಿಗೆ ಹಾಕುವುದು) ಹೇಳಿಕೊಟ್ಟವರೇ ಅವರು. ಇವತ್ತಿಗೂ ಅಣ್ಣಾ ಅಂತಲೇ ಕರೆಯುತ್ತೇನೆ. ಆದರೆ ಸೀಟಿ ಊದಿದರೆ ಸಾಕು, ಎರಡೂ ಕೈ ಮೇಲೆತ್ತುತ್ತಾರೆ. "ಏನ ಕೊಟ್ಟಿ ತಮ್ಮಾ ಅದು? ನನ್ನ ಕೈಗೆ ಹೊಡದಾಗ ಕಾಣಲಿಲ್ಲೇನ?" ಊದದಿದ್ದರೂ ಅದೇ ಮಾತು. ಮೊದಲೆಲ್ಲ ಸುಮ್ನಿದ್ದೆ. ಈಗ ಅವರನ್ನು ನೋಡಿ ಉಳಿದವರೂ ಕಲಿತಿದ್ದಾರೆ.

ಕಳೆದ ಭಾನುವಾರ ಮೂರನೇ ಕ್ವಾರ್ಟರ್. ಎದುರು ತಂಡದವನೊಬ್ಬ ಓಡುತ್ತಲೇ ಚೆಂಡು ಹಿಡಿದು, ಎರಡು ಹೆಜ್ಜೆ ಹಾಕಿ ಬುಟ್ಟಿಗೆ ಹಾಕಿದ. ಅಣ್ಣ "ಟ್ರಾವೆಲ್, ಟ್ರಾವೆಲ್" ಅಂತ ಕೂಗಿದರು, ಅಂದರೆ ಚೆಂಡು ಹಿಡಿದು ಹೆಚ್ಚು ಹೆಜ್ಜೆ ಹಾಕಿದ ಅಂತ. ನಾನು ತಲೆ ಅಲ್ಲಾಡಿಸಿದೆ. ಅವರು ಸೀದಾ ನನ್ನ ಎದುರಿಗೆ ಬಂದು ನಿಂತರು. ಅವರ ಗದ್ದದ ಬೆವರು ನನ್ನ ಮುಂಗೈ ಮೇಲೆ ಬಿತ್ತು, ಅಷ್ಟು ಹತ್ತಿರ. ಆಮೇಲೆ ಚೆಂಡನ್ನು ನೆಲಕ್ಕೆ ಎಂಥ ಜೋರಿನಿಂದ ಬಡಿದರೆಂದರೆ ಅದು ಪುಟಿದು ಬೋರ್ಡಿನ ಎತ್ತರಕ್ಕೆ ಹೋಯಿತು. ಟೆಕ್ನಿಕಲ್ (ಕೆಟ್ಟ ನಡವಳಿಕೆಗೆ ಕೊಡುವ ಫೌಲ್) ಕೊಡಲು ನನ್ನ ಎಡಗೈ ಎದೆಯವರೆಗೆ ಬಂದಿತ್ತು. ಅಲ್ಲೇ ನಿಂತಿತು.

ಇದಕ್ಕಿಂತ ದೊಡ್ಡ ತಪ್ಪು ಆಮೇಲೆ ಮಾಡಿದೆ. ಮುಂದಿನ ಸಲ ಅಣ್ಣ ಬುಟ್ಟಿಯ ಕಡೆ ನುಗ್ಗಿದಾಗ, ಯಾರೂ ಮುಟ್ಟದಿದ್ದರೂ ಫೌಲ್ ಕೊಟ್ಟುಬಿಟ್ಟೆ. ಎದುರು ತಂಡದ ಕ್ಯಾಪ್ಟನ್ ಏನೂ ಅನ್ನಲಿಲ್ಲ. ನನ್ನನ್ನು ಒಮ್ಮೆ ನೋಡಿ, ತಿರುಗಿ ಹೋದ. ಅವತ್ತು ನಾನು ಚಹಾಕ್ಕೆ ನಿಲ್ಲದೆ ಮನೆಗೆ ಬಂದೆ.

ಟೆಕ್ನಿಕಲ್ ಕೊಡಬೇಕಿತ್ತಾ? ಕೊಟ್ಟು ಅಣ್ಣ ಬರುವುದನ್ನೇ ಬಿಟ್ಟರೆ? ನಿಮ್ಮ ಕಡೆ ಇಂಥದ್ದನ್ನು ಹೇಗೆ ಸಂಭಾಳಿಸುತ್ತೀರಿ?

ಗದಗ ಪಿಟಿ ಟೀಚರ್:

ಸರ್, ಕೊಡಬೇಕಿತ್ತು. ಚೆಂಡು ಬಡಿದ ಕ್ಷಣದಲ್ಲೇ. ನಾನು 14 ವರ್ಷದಿಂದ ಹುಡುಗಿಯರ ಮ್ಯಾಚಿಗೂ ದೊಡ್ಡವರ ಮ್ಯಾಚಿಗೂ ಸೀಟಿ ಊದುತ್ತಿದ್ದೇನೆ. ದೊಡ್ಡವರದ್ದೇ ಕಷ್ಟ ಜಾಸ್ತಿ.

ಟೆಕ್ನಿಕಲ್ ಅಂದರೆ ಮರ್ಯಾದೆ ತೆಗೆದಂತೆ ಅಂತ ನಮ್ಮಲ್ಲಿ ಎಲ್ಲರ ತಲೆಯಲ್ಲೂ ಕೂತಿದೆ. ಲೆಕ್ಕ ನೋಡಿ. ಎದುರು ತಂಡಕ್ಕೆ ಒಂದೇ ಒಂದು ಫ್ರೀ ಥ್ರೋ, ಅಂದರೆ ಯಾರೂ ಅಡ್ಡ ಬಾರದ ಎಸೆತ. ಆಮೇಲೆ ಆಟ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಶುರು. ಅವರ ಐದು ಫೌಲ್‌ಗಳಲ್ಲಿ ಒಂದು ಹೋಯಿತು, ಅಷ್ಟೇ. ಒಬ್ಬರಿಗೆ ಎರಡು ಟೆಕ್ನಿಕಲ್ ಬಿದ್ದರೆ ಹೊರಗೆ. ಮೊದಲನೆಯದು ಹೊತ್ತಿಗೆ ಸರಿಯಾಗಿ ಬಿದ್ದರೆ ಎರಡನೆಯದರ ಗೊಡವೆಯೇ ಬರುವುದಿಲ್ಲ.

ಕೊಡುವ ರೀತಿ ಮುಖ್ಯ. ನಾನು ಸೀಟಿ ಊದಿ, ಸನ್ನೆ ಮಾಡಿ, ಆ ಕೂಡಲೇ ಸ್ಕೋರ್ ಬರೆಯುವ ಟೇಬಲ್ ಕಡೆ ನಡೆಯುತ್ತೇನೆ. ಆಟಗಾರನ ಮುಖ ನೋಡುತ್ತಾ ನಿಲ್ಲುವುದಿಲ್ಲ. ನಿಂತರೆ ಆತ ಇನ್ನೊಂದು ಮಾತು ಆಡುತ್ತಾನೆ, ಅದಕ್ಕೆ ನಾವೂ ಆಡುತ್ತೇವೆ. ದನಿ ಏರಿಸುವುದಿಲ್ಲ. ಬರೇ ಅವರ ನಂಬರ್ ಹೇಳುತ್ತೇನೆ.

ಎಲ್ಲದಕ್ಕೂ ಟೆಕ್ನಿಕಲ್ ಬೇಡ. "ಮೇಡಂ, ಅದು ಯಾಕ ಫೌಲ್?" ಅಂದರೆ ಅದು ಪ್ರಶ್ನೆ. ಉತ್ತರ ಕೊಡಿ, ಆದರೆ ಮೂರು ಮಾತಿನಲ್ಲಿ: "ಮೊಣಕೈ, ಎದೆಗೆ ತಾಗಿತು." "ನಿಮಗ ಆಟಾನ ಗೊತ್ತಿಲ್ಲ" ಅಂದರೆ ಅದು ಪ್ರಶ್ನೆಯಲ್ಲ. ಒಮ್ಮೆ ಹತ್ತಿರ ಹೋಗಿ, ಎದುರು ನಿಲ್ಲದೆ ಪಕ್ಕದಲ್ಲಿ ನಿಂತು, ಅವರಿಗಷ್ಟೇ ಕೇಳುವಂತೆ "ಇನ್ನು ಸಾಕು ಸರ" ಅನ್ನಿ. ಚೆಂಡು ಬಡಿದರೆ, ಮುಖದ ಮುಂದೆ ಕೈ ಬೀಸಿದರೆ, ಎಚ್ಚರಿಕೆಯ ಮಾತೇ ಇಲ್ಲ.

ಇನ್ನೊಂದು. ರೆಫ್ರಿ ಹತ್ತಿರ ಬಂದು ಕೇಳುವ ಅವಕಾಶವನ್ನು ನಿಯಮ ಕ್ಯಾಪ್ಟನ್‌ಗೆ ಕೊಟ್ಟಿದೆ. ಅದೂ ಗಡಿಯಾರ ನಿಂತಾಗ, ಮರ್ಯಾದೆಯಿಂದ. ಮ್ಯಾಚಿಗೆ ಮುಂಚೆ ಇಬ್ಬರು ಕ್ಯಾಪ್ಟನ್‌ರನ್ನೂ ಕರೆದು ಇದನ್ನು ಹೇಳಿಬಿಡಿ. ನಿಮ್ಮ ಅಣ್ಣ ಕ್ಯಾಪ್ಟನ್ ಅಲ್ಲ ಅಂದುಕೊಂಡಿದ್ದೇನೆ.

ಆ ಸುಳ್ಳು ಫೌಲ್ ಇನ್ನೊಮ್ಮೆ ಮಾಡಬೇಡಿ ಸರ್. ಕೂಗಿದರೆ ಸಿಗುತ್ತದೆ ಅಂತ ಹತ್ತೂ ಜನರಿಗೆ ನೀವೇ ಹೇಳಿಕೊಟ್ಟಂತಾಯಿತು.

ಧಾರವಾಡ 7ನೇ ನಂಬರ್:

ನಾನು ರೆಫ್ರಿ ಅಲ್ಲ. ತಕರಾರು ಮಾಡುವವನು. 44 ವಯಸ್ಸು, ಬುಟ್ಟಿಯ ಕೆಳಗೆ ಆಡುತ್ತೇನೆ. ಟೀಚರ್ ಹೇಳಿದ್ದೆಲ್ಲ ಒಪ್ಪುತ್ತೇನೆ. ಆದರೆ ನಮ್ಮ ಕಡೆಯ ಮಾತನ್ನೂ ಕೇಳಿ.

ನಮ್ಮಲ್ಲಿ ಸೀಟಿ ಊದುವವರು ಪಾಪ ಒಬ್ಬರೇ. ಸೆಂಟರ್ ಲೈನ್ ಹತ್ತಿರ ನಿಂತಿರುತ್ತಾರೆ. ಬುಟ್ಟಿಯ ಕೆಳಗೆ ನನ್ನ ಸೊಂಟ ಹಿಡಿದು ಎಳೆಯುವ ಕೈ ಅವರಿಗೆ ಅಲ್ಲಿಂದ ಹೇಗೆ ಕಾಣಬೇಕು? ಹೋದ ತಿಂಗಳು ನನ್ನ ಉಂಗುರ ಬೆರಳಿನ ಉಗುರು ಅರ್ಧ ಕಿತ್ತು ಬಂತು. ರಕ್ತ ಚೆಂಡಿಗೆ ಹತ್ತಿತ್ತು. ಸೀಟಿ ಬರಲಿಲ್ಲ. ನಾನು ಕೂಗಿದೆ. ನೋವಿಗೆ ಕೂಗಿದೆ, ರೆಫ್ರಿಯ ಮೇಲಿನ ಸಿಟ್ಟಿಗಲ್ಲ. ಒಬ್ಬರು ಬುಟ್ಟಿಯ ಹಿಂದಿನ ಗೆರೆಯ ಹತ್ತಿರ, ಇನ್ನೊಬ್ಬರು ಆಟದ ಹಿಂದೆ, ಹೀಗೆ ಇಬ್ಬರಿದ್ದರೆ ನನ್ನಂಥವರ ಬಾಯಿ ಅರ್ಧ ಮುಚ್ಚುತ್ತದೆ. ಒಬ್ಬರೇ ಇದ್ದರೆ ಕೊನೇಪಕ್ಷ ಫ್ರೀ ಥ್ರೋ ಗೆರೆಯ ನೇರದವರೆಗಾದರೂ ಬನ್ನಿ. ಹತ್ತಿರದಿಂದ ನೋಡಿ ತಪ್ಪು ಕೊಟ್ಟರೂ ನಾವು ನುಂಗಿಕೊಳ್ಳುತ್ತೇವೆ.

ಎರಡನೇದು ಆ ಟ್ರಾವೆಲ್. ನಿಮ್ಮ ಅಣ್ಣ ಸುಳ್ಳು ಹೇಳುತ್ತಿಲ್ಲ. ನಾವು ಕಲಿತಾಗ ಅದು ಟ್ರಾವೆಲ್ಲೇ. 2017ರ ಅಕ್ಟೋಬರ್‌ನಲ್ಲಿ ಫಿಬಾ (ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ) ನಿಯಮ ಬದಲಾಯಿತು. ಓಡುತ್ತಾ ಚೆಂಡು ಹಿಡಿದಾಗ ನೆಲದ ಮೇಲಿರುವ ಕಾಲು ಈಗ ಲೆಕ್ಕಕ್ಕಿಲ್ಲ, ಅದು ಸೊನ್ನೆ. ಅದಾದ ಮೇಲೆ ಎರಡು ಹೆಜ್ಜೆ. ಇದನ್ನು ನನಗೆ ಹೇಳಿಕೊಟ್ಟವನು ನನ್ನ ಮಗ. ನಾವು ಆಡಿದ್ದು 20 ನಿಮಿಷದ ಎರಡು ಹಾಫ್, 30 ಸೆಕೆಂಡಿನೊಳಗೆ ಬುಟ್ಟಿಗೆ ಎಸೆಯಬೇಕಿದ್ದ ಕಾಲದಲ್ಲಿ. 10 ನಿಮಿಷದ ನಾಲ್ಕು ಕ್ವಾರ್ಟರ್, 24 ಸೆಕೆಂಡ್ ಬಂದದ್ದು 2000ದಲ್ಲಿ. ನಮ್ಮ ಕೋರ್ಟಿನಲ್ಲಂತೂ ಬುಟ್ಟಿಯ ಕಡೆ ಅಗಲವಾಗುವ ಹಳೇ ಮೂರು ಸೆಕೆಂಡಿನ ಗೆರೆ (ಎದುರು ಬುಟ್ಟಿಯ ಕೆಳಗೆ ಅದಕ್ಕಿಂತ ಹೆಚ್ಚು ಹೊತ್ತು ನಿಲ್ಲಬಾರದ ಜಾಗದ್ದು) ಇನ್ನೂ ಮಾಸಿಲ್ಲ. ಅದು 2010ರಲ್ಲೇ ಆಯತವಾಯಿತು. ಒಬ್ಬ ಹೊಸ ಗೆರೆ ನೋಡುತ್ತಾನೆ, ಇನ್ನೊಬ್ಬ ಹಳೇದು. ಜಗಳ ಆಗದೆ ಇರುತ್ತದಾ?

ಹಾವೇರಿ ಸ್ಕೋರರ್:

ನನ್ನ ಅಭಿಪ್ರಾಯ ಬೇರೆ. ಆರಾಮಕ್ಕೆ ಆಡುವ ಮ್ಯಾಚಿನಲ್ಲಿ ಫ್ರೀ ಥ್ರೋ ಕೊಟ್ಟರೆ ಸಿಟ್ಟು ಇನ್ನೂ ಏರುತ್ತದೆ. ನಮ್ಮಲ್ಲಿ ಬಾಯಿ ಮಾಡಿದವರು ಎರಡು ನಿಮಿಷ ಬೆಂಚಿನ ಮೇಲೆ ಕೂರಬೇಕು, ಬದಲಿಗೆ ಇನ್ನೊಬ್ಬ ಒಳಗೆ. ನೀರು ಕುಡಿದು, ಉಸಿರು ಬಂದ ಮೇಲೆ ಬಹಳ ಜನ ತಾವಾಗಿಯೇ ತಣ್ಣಗಾಗುತ್ತಾರೆ. 40 ದಾಟಿದವರ ಅರ್ಧ ತಕರಾರು ದಣಿವಿನದ್ದು ರೀ. ನಾಲ್ಕನೇ ಕ್ವಾರ್ಟರಿನಲ್ಲಿ ಗಮನಿಸಿ.

ಗದಗ ಪಿಟಿ ಟೀಚರ್:

ಇದೂ ಒಳ್ಳೇದೇ. ಆದರೆ ಆಟ ಶುರುವಾಗುವ ಮುಂಚೆ ಎಲ್ಲರೂ ಒಪ್ಪಿರಬೇಕು. ಮಧ್ಯದಲ್ಲಿ ಹೊಸ ನಿಯಮ ತಂದರೆ ಅದಕ್ಕೇ ಇನ್ನೊಂದು ತಕರಾರು. 7ನೇ ನಂಬರಿನವರ ಮಾತು ನನಗೂ ನಾಟಿತು. ಬೆಳಿಗ್ಗೆ ಮೂರನೇ ಮ್ಯಾಚಿನ ಹೊತ್ತಿಗೆ ನಾನೂ ಸೆಂಟರ್ ಲೈನಿನಲ್ಲೇ ನಿಂತುಬಿಡುತ್ತೇನೆ.

ವಿದ್ಯಾನಗರ ಸೀಟಿ:

ಎಲ್ಲರಿಗೂ ಧನ್ಯವಾದ. ಏನಾಯಿತು ಅಂತ ಹೇಳಿಬಿಡುತ್ತೇನೆ.

ಬುಧವಾರ ಸಂಜೆ ಅಣ್ಣನ ಅಂಗಡಿಗೆ ಹೋದೆ. ಮೊದಲು ಆ ಸುಳ್ಳು ಫೌಲ್ ವಿಷಯ ನಾನೇ ಎತ್ತಿದೆ. ಅವರು ಸ್ವಲ್ಪ ಹೊತ್ತು ಸುಮ್ನಿದ್ದು, "ನನಗೂ ಗೊತ್ತಿತ್ತು ತಮ್ಮಾ, ಯಾರೂ ಮುಟ್ಟಿರಲಿಲ್ಲ" ಅಂದರು. ಆಮೇಲೆ ಗಿರಾಕಿ ಇಲ್ಲದ ಹೊತ್ತು ನೋಡಿ, ಗಲ್ಲೆಯ ಮುಂದಿನ ಟೈಲ್ಸ್ ಮೇಲೆ ಚಪ್ಪಲಿ ಬಿಟ್ಟು, ಸೊನ್ನೆ ಹೆಜ್ಜೆ ತೋರಿಸಿದೆ. ಕೈಯಲ್ಲಿ ಚೆಂಡಿನ ಬದಲು ಸುತ್ತಿಟ್ಟ ಗೋಣಿಚೀಲ. ಅವರೂ ಎದ್ದು ಬಂದು ಮೂರು ಸಲ ಹಾಕಿ ನೋಡಿದರು. "ಹಂಗಾರ ನಮ್ಮ ಕಾಲದ್ದು ಬ್ಯಾರೇನ ಇತ್ತಲ್ಲೋ" ಅಂದರು.

ಭಾನುವಾರ ಕ್ಯಾಪ್ಟನ್‌ರನ್ನು ಕರೆದು ಹೇಳಿದೆ. ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಫ್ರೀ ಥ್ರೋ ಗೆರೆಯವರೆಗೂ ಓಡಿದೆ. ಸೊಂಟ ಹಿಡಿಯುವ ಕೈಗಳು ನಿಜವಾಗಿಯೂ ಕಾಣುತ್ತವೆ. ಇಷ್ಟು ದಿನ ಎಷ್ಟು ಬಿಟ್ಟಿದ್ದೆ ಅಂತ ಸಂಕಟವಾಯಿತು.

ಎರಡನೇ ಕ್ವಾರ್ಟರಿನಲ್ಲಿ ಅಣ್ಣ ಮತ್ತೆ ನನ್ನ ಮುಖದ ಮುಂದೆ ಕೈ ಬೀಸಿದರು. ಟೆಕ್ನಿಕಲ್ ಕೊಟ್ಟೆ. ಟೇಬಲ್ ಕಡೆ ನಡೆದೆ. ಬೆನ್ನ ಹಿಂದೆ ಏನೂ ಕೇಳಿಸಲಿಲ್ಲ. ಕ್ವಾರ್ಟರ್ ಮುಗಿದಾಗ ಬಂದು, "ನನ್ನ ಫೌಲ್ ಎಷ್ಟಾದವು?" ಅಂತ ಕೇಳಿದರು. "ಮೂರು ಅಣ್ಣಾ, ಟೆಕ್ನಿಕಲ್ ಸೇರಿ." ತಲೆ ಆಡಿಸಿ ನೀರಿಗೆ ಹೋದರು. ಚಹಾಕ್ಕೂ ಇದ್ದರು. ರೈಲ್ವೆಯವರೊಬ್ಬರು ಮಾತ್ರ ಕೊನೆಯವರೆಗೂ ಗೊಣಗುತ್ತಲೇ ಇದ್ದರು. ಎರಡು ನಿಮಿಷದ ಬೆಂಚಿನ ವಿಷಯ ಮುಂದಿನ ವಾರ ಎಲ್ಲರ ಮುಂದೆ ಇಡುತ್ತೇನೆ.

ಒಬ್ಬನೇ ಆ ಪರಿ ಓಡುವುದು ನನ್ನ ಕಾಲಿಗೆ ಆಗುವುದಿಲ್ಲ. ವಿದ್ಯಾನಗರ, ಉಣಕಲ್ ಕಡೆ ಎರಡನೇ ರೆಫ್ರಿಯಾಗಿ ನಿಲ್ಲುವವರು ಯಾರಾದರೂ ಇದ್ದರೆ ಇಲ್ಲೇ ತಿಳಿಸಿ. ಭಾನುವಾರ ಆರೂವರೆಗೆ ಶುರು. ನನ್ನ ಹತ್ತಿರ ಇನ್ನೊಂದು ಸೀಟಿ ಇದೆ.