ಮೆಕಾಂಗ್ ಹರಿಯುತ್ತಿದ್ದರೂ ಲಾವೋಸ್‌ಗೆ ಸಮುದ್ರ ಏಕೆ ದೂರ?

ಪ್ರಶ್ನೆ:
ಆಗ್ನೇಯ ಏಷ್ಯಾದಲ್ಲಿ ಕಡಲ ತೀರವಿಲ್ಲದ ಏಕೈಕ ದೇಶ ಲಾವೋಸ್. ಆದರೆ ಭೂಪಟ ತೆರೆದರೆ, ಮೆಕಾಂಗ್ ನದಿ ಅದರ ಪಶ್ಚಿಮದ ಗಡಿಯ ಬಹುಭಾಗವನ್ನು ಬಳಸಿಕೊಂಡು ದಕ್ಷಿಣಕ್ಕೆ ಹರಿದು, ಕಾಂಬೋಡಿಯಾ ಮತ್ತು ವಿಯೆಟ್ನಾಂಗಳ ಮೂಲಕ ಸಮುದ್ರವನ್ನು ಸೇರುವುದು ಕಾಣುತ್ತದೆ. ಹೀಗಿದ್ದೂ ಆ ದೇಶದ ಸರಕು ಥಾಯ್ಲೆಂಡಿನ ಬಂದರುಗಳ ಮೂಲಕವೇ ಏಕೆ ಹೋಗಬೇಕು? ಸುಮಾರು 2,36,800 ಚದರ ಕಿಲೋಮೀಟರ್ ನೆಲವಿರುವಲ್ಲಿ 2015ರ ಜನಗಣತಿಯಂತೆ ಇದ್ದವರು 65 ಲಕ್ಷ ಜನ ಮಾತ್ರ. ಇಷ್ಟು ಕಡಿಮೆ ಜನರಿರಲು ಕಾರಣವೇನು ಎಂಬುದನ್ನೂ ಬಲ್ಲವರು ತಿಳಿಸಬೇಕಾಗಿ ವಿನಂತಿ.

ಮೊದಲ ಉತ್ತರ:
ನದಿಯ ಮಟ್ಟಿಗೆ ನಿಮ್ಮ ಪ್ರಶ್ನೆಗೆ ಉತ್ತರ ಸಿಗುವುದು ಚಂಪಾಸಕ್ ಪ್ರಾಂತ್ಯದಲ್ಲಿ. ಕಾಂಬೋಡಿಯಾದ ಗಡಿಗೆ ಸಮೀಪದಲ್ಲಿ ಮೆಕಾಂಗ್ ಅನೇಕ ಕವಲುಗಳಾಗಿ ಒಡೆದು, ದ್ವೀಪಗಳ ನಡುವೆ ನುಗ್ಗಿ, ಖೋನ್ ಜಲಪಾತವಾಗಿ ಬಂಡೆಗಳ ಮೇಲೆ ಧುಮುಕುತ್ತದೆ. 1866ರಲ್ಲಿ ಹೊರಟ ಫ್ರೆಂಚ್ ಅನ್ವೇಷಕರ ತಂಡ ಈ ನದಿಯನ್ನು ಚೀನಾಕ್ಕೆ ಹೋಗುವ ಜಲಮಾರ್ಗವನ್ನಾಗಿ ಮಾಡಿಕೊಳ್ಳುವ ಆಸೆಯಿಂದ ಬಂದಿತ್ತು. ಆ ಆಸೆಗೆ ದೊಡ್ಡ ಪೆಟ್ಟು ಬಿದ್ದದ್ದು ಇಲ್ಲಿಯೇ. ಮುಂದೆ ಫ್ರೆಂಚರು ಡಾನ್ ಖೋನ್ ಮತ್ತು ಡಾನ್ ಡೆಟ್ ದ್ವೀಪಗಳಲ್ಲಿ ಕೆಲವೇ ಕಿಲೋಮೀಟರ್ ಉದ್ದದ ಪುಟ್ಟ ರೈಲು ಮಾರ್ಗ ಹಾಕಿ, ಜಲಪಾತದ ಕೆಳಗೆ ಇಳಿಸಿದ ಸರಕನ್ನು ಮೇಲಿನ ದೋಣಿಗಳಿಗೆ ಸಾಗಿಸಿದರು. ಲಾವೋಸ್‌ನಲ್ಲಿ ಬಹುಕಾಲ ರೈಲು ಎಂದರೆ ಅಷ್ಟೇ ಆಗಿತ್ತು. ಪೂರ್ವದಲ್ಲಿ ಅಣ್ಣಮ್ ಪರ್ವತಶ್ರೇಣಿ ವಿಯೆಟ್ನಾಂ ಕರಾವಳಿಗೆ ಅಡ್ಡ ನಿಂತಿದೆ.

ಜನಸಂಖ್ಯೆಗೂ ಈ ನೆಲಕ್ಕೂ ನೇರ ಸಂಬಂಧವಿದೆ. ದೇಶದ ಬಹುಪಾಲು ಬೆಟ್ಟ ಮತ್ತು ಕಾಡು. ಭತ್ತದ ಗದ್ದೆಗೆ ಒದಗುವ ಅಗಲವಾದ ಬಯಲು ವಿಯೆಂಟಿಯಾನ್, ಸವನ್ನಖೇತ್, ಚಂಪಾಸಕ್‌ಗಳ ನದೀತೀರದಲ್ಲಿ ಮಾತ್ರ ಇದೆ. ಸರ್ಕಾರವೇ ಗುರುತಿಸಿರುವ ಸುಮಾರು ಐವತ್ತು ಜನಾಂಗಗಳ ಪೈಕಿ ಲಾವೋ ಜನರು ಹೆಚ್ಚಾಗಿ ಈ ತಗ್ಗಿನಲ್ಲಿಯೂ, ಖ್ಮು, ಹ್ಮೋಂಗ್ ಮೊದಲಾದವರು ಹೆಚ್ಚಾಗಿ ಎತ್ತರದ ಪ್ರದೇಶಗಳಲ್ಲಿಯೂ ನೆಲೆಸಿದ್ದಾರೆ. ಇದರ ಮೇಲೆ 1964ರಿಂದ 1973ರವರೆಗೆ ಅಮೆರಿಕದ ವಿಮಾನಗಳು ಸುರಿಸಿದ 20 ಲಕ್ಷ ಟನ್ನಿಗೂ ಹೆಚ್ಚಿನ ಬಾಂಬುಗಳ ಪರಿಣಾಮ ಇನ್ನೂ ಮುಗಿದಿಲ್ಲ. ಕ್ಲಸ್ಟರ್ ಬಾಂಬಿನೊಳಗಿನ, ಅಂಗೈಯಲ್ಲಿ ಹಿಡಿಯಬಹುದಾದ ಗುಂಡುಗಳನ್ನು ಅಲ್ಲಿ ‘ಬಾಂಬಿ’ ಎನ್ನುತ್ತಾರೆ. ಅವುಗಳಲ್ಲಿ ಸುಮಾರು ಶೇಕಡಾ 30ರಷ್ಟು ಸಿಡಿಯದೆ ಮಣ್ಣಿನಲ್ಲಿ ಹೂತುಹೋದವು ಎಂಬ ಅಂದಾಜಿದೆ. ಶಿಯೆಂಗ್ ಖ್ವಾಂಗ್‌ನಂತಹ ಪ್ರಾಂತ್ಯದಲ್ಲಿ ಹೊಸದಾಗಿ ಗದ್ದೆ ಮಾಡಬೇಕಾದರೆ ಮೊದಲು ನೆಲವನ್ನು ಶೋಧಕ ಯಂತ್ರದಿಂದ ಅಂಗುಲ ಅಂಗುಲವಾಗಿ ಪರೀಕ್ಷಿಸಬೇಕು.

ಪ್ರಶ್ನೆ ಕೇಳಿದವರು:
ವಿವರವಾದ ಉತ್ತರಕ್ಕೆ ಧನ್ಯವಾದಗಳು. ಹಾಗಾದರೆ ಆ ದೇಶದ ಆದಾಯಕ್ಕೆ ಆಧಾರ ಯಾವುದು? ವಿದ್ಯುತ್ ಮಾರಾಟ ಎಂದು ಓದಿದ ನೆನಪು.

ಎರಡನೆಯ ಉತ್ತರ:
ವಿದ್ಯುತ್ತು, ಗಣಿ ಮತ್ತು ಕೃಷಿ ಎನ್ನಬಹುದು. ದುಡಿಯುವವರಲ್ಲಿ ದೊಡ್ಡ ಪಾಲು ಕೃಷಿಯಲ್ಲಿಯೇ ಇದ್ದರೂ ರಾಷ್ಟ್ರೀಯ ಉತ್ಪನ್ನದಲ್ಲಿ ಅದರ ಪಾಲು ಐದನೆಯ ಒಂದು ಭಾಗಕ್ಕಿಂತ ಕಡಿಮೆ. ಬೊಲವೆನ್ ಪ್ರಸ್ಥಭೂಮಿಯ ಕಾಫಿಗೆ ಹೊರಗೆ ಹೆಸರಿದೆ.

ಆದರೆ ದೇಶದ ಲೆಕ್ಕಾಚಾರವನ್ನು ಬದಲಿಸಿದ್ದು ಅಣೆಕಟ್ಟುಗಳು. 2010ರಲ್ಲಿ ಆರಂಭವಾದ 1,070 ಮೆಗಾವ್ಯಾಟ್ ಸಾಮರ್ಥ್ಯದ ನಾಮ್ ಥೆನ್ 2 ಯೋಜನೆಯ ವಿದ್ಯುತ್ತಿನಲ್ಲಿ ಹೆಚ್ಚಿನ ಪಾಲು ಥಾಯ್ಲೆಂಡಿಗೆ ಹೋಗುತ್ತದೆ. 2019ರಲ್ಲಿ ಮೆಕಾಂಗ್‌ನ ಮುಖ್ಯ ಹರಿವಿಗೇ ಅಡ್ಡಲಾಗಿ ಎದ್ದ 1,285 ಮೆಗಾವ್ಯಾಟ್‌ನ ಸಯಾಬುರಿಯ ಕಥೆಯೂ ಅದೇ. ವಿದ್ಯುತ್ತಿಗೆ ಬಂದರು ಬೇಕಿಲ್ಲ ಎಂಬುದು ಈ ದಾರಿಯ ಆಕರ್ಷಣೆ. ಆದರೆ ಅಣೆಕಟ್ಟುಗಳಲ್ಲಿ ಬಹಳಷ್ಟು ವಿದೇಶಿ ಬಂಡವಾಳದವು, ಅವುಗಳಿಗಾಗಿ ಸರ್ಕಾರ ಮಾಡಿದ ಸಾಲ ಹೆಚ್ಚಾಗಿ ಡಾಲರ್‌ಗಳಲ್ಲಿದೆ, ಬೇಸಿಗೆಯಲ್ಲಿ ನದಿಗಳು ಬತ್ತಿದಾಗ ಲಾವೋಸ್ ತಾನೇ ಥಾಯ್ಲೆಂಡಿನಿಂದ ವಿದ್ಯುತ್ ಕೊಳ್ಳುತ್ತದೆ. 2018ರ ಜುಲೈಯಲ್ಲಿ ಅಟ್ಟಪ್ಯೂ ಪ್ರಾಂತ್ಯದಲ್ಲಿ ನಿರ್ಮಾಣ ಹಂತದಲ್ಲಿದ್ದ ಅಣೆಕಟ್ಟಿನ ಒಂದು ಭಾಗ ಒಡೆದು ಹಳ್ಳಿಗಳೇ ಕೊಚ್ಚಿಹೋದುದನ್ನು ಮರೆಯುವಂತಿಲ್ಲ.

ಸಾಲದ ಭಾರ ಜನಸಾಮಾನ್ಯರನ್ನು ಮುಟ್ಟಿದ್ದು ಕಿಪ್ ನಾಣ್ಯದ ಮೂಲಕ. 2021ರಲ್ಲಿ ಒಂದು ಡಾಲರಿಗೆ ಹತ್ತು ಸಾವಿರ ಕಿಪ್‌ನ ಆಸುಪಾಸಿನಲ್ಲಿದ್ದ ವಿನಿಮಯ ದರ 2023ರ ಕೊನೆಗೆ ಇಪ್ಪತ್ತು ಸಾವಿರವನ್ನು ದಾಟಿತು. 2023ರ ಆರಂಭದಲ್ಲಿ ಹಣದುಬ್ಬರ ಶೇಕಡಾ 40ನ್ನು ಮೀರಿತ್ತು. ಥಾಯ್ ಭಾಷೆ ಬಹಳಮಟ್ಟಿಗೆ ಅರ್ಥವಾಗುವುದರಿಂದ, ಥಾಯ್ಲೆಂಡಿನ ನಾಣ್ಯವಾದ ಬಾತ್‌ನಲ್ಲಿ ಕೂಲಿ ಸಿಗುವ ಆಚೆ ದಡಕ್ಕೆ ಯುವಕರು ದುಡಿಯಲು ಹೋಗುವುದು ಸಹಜವೇ ಆಗಿದೆ. ಕಡಲಿಲ್ಲದಿರುವುದಕ್ಕಿಂತ ಈ ಸಾಲವೇ ದೇಶಕ್ಕೆ ಹೆಚ್ಚು ತೊಡಕಾಗಿದೆ ಎಂಬುದು ನನ್ನ ಅಭಿಪ್ರಾಯ.

ಮೂರನೆಯ ಉತ್ತರ:
ಮೇಲಿನವರ ಮಾತನ್ನು ಬಹುತೇಕ ಒಪ್ಪುತ್ತೇನೆ, ಆದರೆ ರೈಲನ್ನು ಅವರು ಪ್ರಸ್ತಾಪಿಸಲೇ ಇಲ್ಲ. 2021ರ ಡಿಸೆಂಬರ್‌ನಲ್ಲಿ ಚೀನಾ ಗಡಿಯ ಬೋಟೆನ್‌ನಿಂದ ವಿಯೆಂಟಿಯಾನ್‌ವರೆಗೆ 75 ಸುರಂಗಗಳನ್ನು ಹಾದು ಬರುವ ಮಾರ್ಗ ಆರಂಭವಾಯಿತು. ಸುಮಾರು 600 ಕೋಟಿ ಡಾಲರಿನ ಈ ಯೋಜನೆಯೂ ಸಾಲವನ್ನು ಹೆಚ್ಚಿಸಿತು ಎಂಬುದು ನಿಜವಾದರೂ, ಮಳೆಗಾಲದಲ್ಲಿ ಮಣ್ಣು ಕುಸಿದು ದಾರಿ ಮುಚ್ಚುವ ಉತ್ತರದ ಬೆಟ್ಟಗಳಲ್ಲಿ ಇದರ ಪ್ರಯೋಜನವನ್ನು ಅಲ್ಲಗಳೆಯಲಾಗದು. ತೊಡಕು ವಿಯೆಂಟಿಯಾನ್ ಬಳಿಯಿದೆ. ಚೀನಾದ ಕಡೆಯ ಹಳಿಗಳ ಅಂತರ 1,435 ಮಿಲಿಮೀಟರ್, ಥಾಯ್ಲೆಂಡಿನ ಕಡೆಯದು 1,000 ಮಿಲಿಮೀಟರ್. ಹೀಗಾಗಿ ಥಾನಾಲೆಂಗ್‌ನಲ್ಲಿ ಕ್ರೇನ್‌ಗಳು ಪ್ರತಿಯೊಂದು ಕಂಟೇನರನ್ನೂ ಒಂದು ರೈಲಿನಿಂದ ಎತ್ತಿ ಇನ್ನೊಂದರ ಮೇಲೆ ಇಡಬೇಕು; ಅಲ್ಲಿಂದ ಅದು ಮೆಕಾಂಗ್ ಸೇತುವೆಯನ್ನು ದಾಟಿ ಥಾಯ್ಲೆಂಡಿನ ಲಾಮ್ ಚಬಾಂಗ್ ಬಂದರಿನ ದಾರಿ ಹಿಡಿಯುತ್ತದೆ.