ಬಿಳಿ ಶೂನಾ, ಕರೀದಾ? ಕ್ಲೀಟ್ ಹಾಕಿ ಓಡಿಸೋರು ಅನುಭವ ಹೇಳಿ

ಜಯನಗರ_ಗೇರ್: ಮೊದಲ ಸಲ ಕ್ಲಿಪ್‌ಲೆಸ್ ಶೂ (ಅಡಿಯಲ್ಲಿರೋ ಕ್ಲೀಟ್ ಅನ್ನೋ ತುಂಡು ಪೆಡಲ್‌ಗೆ ಕಚ್ಚಿಕೊಳ್ಳೋ ಸೈಕಲ್ ಶೂ) ತಗೋತಿದೀನಿ. ಬಜೆಟ್ ಎಂಟು ಸಾವಿರ. ವಾರದ ದಿನ ಕನಕಪುರ ರಸ್ತೆಯಲ್ಲಿ ಆಫೀಸಿಗೆ, ಭಾನುವಾರ ನಂದಿ ಬೆಟ್ಟ. ನನ್ನ ಸೈಜಲ್ಲಿ ಬಿಳಿ, ಕರಿ ಎರಡೇ ಇದೆ. ಬಿಳಿ ಕಣ್ಣಿಗೆ ಚೆಂದ, ಆದ್ರೆ ಮಳೆಗಾಲ ಬಂತು. ಯಾವುದು ತಗೊಳ್ಲಿ? ತೊಳೆಯೋದು ಹೇಗೆ?

ತುರಹಳ್ಳಿ_ಧೂಳು: ಬಿಳಿ ತಗೊಳ್ಳಿ ಅಂತ ಯಾರಾದ್ರೂ ಹೇಳಿದ್ರೆ ಅವರು ತುರಹಳ್ಳಿ ಕಾಡಿಗೆ ಸೈಕಲ್ ಇಳಿಸಿದೋರಲ್ಲ. ನಂದು ಹನ್ನೊಂದೂವರೆ ಸಾವಿರದ್ದು, ಅಚ್ಚ ಬಿಳಿ. ಮಳೆ ಬಿದ್ದ ಮಾರನೇ ಬೆಳಿಗ್ಗೆ ಹೋಗಿ ಬಂದಿದ್ದಷ್ಟೇ. ಬೆರಳಿನ ಹತ್ರ ಗಾಳಿಯಾಡೋಕೆ ಬಲೆ ಇರುತ್ತಲ್ಲ, ಅದರೊಳಗೆ ಕೆಮ್ಮಣ್ಣು ಹೋಗಿ ಕೂತಿದ್ದು ಇವತ್ತಿಗೂ ಎದ್ದಿಲ್ಲ. ಖರ್ಚು ಕೇಳಿ: ಶೂ ಕ್ಲೀನರ್ 650, ಮೆಲಮೈನ್ ಸ್ಪಂಜು 250, ಬ್ರಶ್ 180. ಸ್ಪಂಜು ಕಲೆ ತೆಗೀತು, ಮೇಲಿನ ಹೊಳಪನ್ನೂ ತೆಗೀತು. ಅದು ಸೋಪಲ್ಲ ಸ್ವಾಮಿ, ನುಣ್ಣಗಿರೋ ಉಜ್ಜುಕಾಗದ. ಕೊನೆಗೆ ಒಬ್ಬ ಶೂ ಲಾಂಡ್ರಿಯವನಿಗೆ 450 ಕೊಟ್ಟೆ. ಅವನು ಬ್ಲೀಚ್ ಹಾಕಿ ಬಿಸಿಲಲ್ಲಿ ಇಟ್ಟ. ಕೆಮ್ಮಣ್ಣಿನ ಬಣ್ಣ ಕಬ್ಬಿಣದ ಆಕ್ಸೈಡಿಂದು, ಬ್ಲೀಚ್‌ಗೆಲ್ಲ ಅದು ಜಗ್ಗಲ್ಲ. ಕಲೆ ಇದ್ದಲ್ಲೇ ಇತ್ತು, ಸುತ್ತ ಇದ್ದ ಬಿಳಿ ಹಳದಿ ಆಯ್ತು. ಕೇಳಿದ್ರೆ "ಮೊದ್ಲೇ ಹಂಗೇ ಇತ್ತು ಸಾರ್" ಅಂದ. ಮನೇಲಿ ನಿಂಬೆರಸ ಹಚ್ಚಿ ಹತ್ತು ನಿಮಿಷ ಬಿಟ್ಟು ತೊಳೆದಾಗ ಸ್ವಲ್ಪ ತಿಳಿಯಾಯ್ತು. ಆ 450ಕ್ಕೆ ಎಷ್ಟು ನಿಂಬೆಹಣ್ಣು ಬರ್ತಿತ್ತು ಲೆಕ್ಕ ಹಾಕಿ.

ಕದ್ರಿ_ರೈಡರ್: ಬಿಳಿ, ಕರಿ ಅಂತ ಎಂತ ಚರ್ಚೆ ಮಾರಾಯ್ರೆ. ಮಂಗಳೂರಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಶೂ ಒಣಗುವುದೇ ಇಲ್ಲ. ನನ್ನದು ಕರಿ. ಊರಿಗೆ ಹೋದವ ಎರಡು ವಾರ ಬಿಟ್ಟು ಬಂದು ನೋಡಿದರೆ ಬೂಷ್ಟು ಹಿಡಿದು ಅದೇ ಬಿಳಿ ಆಗಿತ್ತು. ಅದು ಹೋಗಲಿ, ಒರೆಸಿದರೆ ಆಯಿತು. ಕ್ಲೀಟಿನ ಬೋಲ್ಟಿಗೆ ತುಕ್ಕು ಹಿಡಿದರೆ ಎಂತ ಮಾಡುತ್ತೀರಿ? 4 ಎಂಎಂ ಅಲೆನ್ ಕೀ ಹಾಕಿ ತಿರುಗಿಸಿದ್ದಕ್ಕೆ ಬೋಲ್ಟಿನ ತಲೆ ಒಳಗೆ ಸವೆದು ಗುಂಡಗಾಯಿತು. ವರ್ಕ್‌ಶಾಪಿನವ ಡ್ರಿಲ್ ಹಾಕಿ ತೆಗೆದ. ಅವನಿಗೆ 300, ಹೊಸ ಕ್ಲೀಟಿಗೆ 1,400, ಶೂವಿನ ಅಡಿಗೆ ಒಂದು ತೂತು ಫ್ರೀ. ಬೋಲ್ಟಿಗೆ ಗ್ರೀಸ್ ಹಚ್ಚಿಯೇ ಹಾಕಿ. ಒದ್ದೆಯಾದರೆ ಒಳಗಿನ ಇನ್‌ಸೋಲ್ ತೆಗೆದು, ಪೇಪರ್ ತುರುಕಿ, ಫ್ಯಾನ್ ಕೆಳಗೆ ಇಡಿ. ಬಣ್ಣ ಯಾವುದೂ ನಡೆಯುತ್ತದೆ.

ಬಿಳಿಯೇ_ಬೇಕು: ಪೇಪರ್ ತುರುಕಿ ಅಂತ ಬಿಳಿ ಶೂ ಇರೋರಿಗೂ ಹೇಳ್ಬೇಡಿ ದಯವಿಟ್ಟು! ಇಂಕು ಬಿಟ್ಟು ನನ್ನ ಶೂ ಒಳಗಿನ ಬಟ್ಟೆ ಮೇಲೆ ಅರ್ಧ ಕ್ರೀಡಾಪುಟ ಅಚ್ಚಾಗಿದೆ. ಹಳೇ ಟವೆಲ್ ತುರುಕಿ. ತುರಹಳ್ಳಿ ಸಾರ್, ಬಲೆ ಇರೋ ಬಿಳಿ ಶೂ ತಗೊಂಡು ಬಿಳೀನ ಬೈದ್ರೆ ಹೇಗೆ? ನಂದು ಬಲೆ ಇಲ್ಲದ ಸಿಂಥೆಟಿಕ್. ಸವಾರಿ ಮುಗಿದ ತಕ್ಷಣ ಒದ್ದೆ ಬಟ್ಟೇಲಿ ಒರೆಸ್ತೀನಿ, ವಾರಕ್ಕೊಮ್ಮೆ ಪಾತ್ರೆ ತೊಳೆಯೋ ಲಿಕ್ವಿಡ್, ಹಳೇ ಟೂತ್‌ಬ್ರಶ್. ಮೂರನೇ ಮಳೆಗಾಲ ಇದು. ಕೊಳೆ ಕಾಣುತ್ತೆ, ಅದಕ್ಕೇ ತೊಳೀತೀವಿ. ಕರಿ ಶೂನೋರ ಹತ್ರ ನಿಂತ್ರೆ ಮೂಗು ಮುಚ್ಚಬೇಕು.

ತುರಹಳ್ಳಿ_ಧೂಳು: ಬೆಂಗಳೂರಿನ ಸೆಖೆಗೆ ಬಲೆ ಇಲ್ಲದ ಶೂ! ಪಾದ ಬೇಯಿಸ್ಕೊಳ್ಳಿ.

ಧಾರವಾಡ_ಪೆಡ್ಲು: ಕರೇದ ತಗೋರಿ ಅನ್ನಾವ್ರು ಎರಿ ಹೊಲದ ದಾರಿ ಕಂಡಿಲ್ಲ. ಮಳಿ ಆದ ಮ್ಯಾಲೆ ನವಲಗುಂದ ಕಡೆ ಒಮ್ಮೆ ಬರ್ರಿ. ಎರಿಮಣ್ಣು ಕ್ಲೀಟಿನಾಗ ತುಂಬಿ ಪೆಡಲ್ ಕಚ್ಚೂದಿಲ್ಲ, ಬ್ರೇಕಿನಾಗ ಸಿಕ್ಕು ಗಾಲಿನೂ ತಿರಗೂದಿಲ್ಲ. ಸೈಕಲ್ ಹೆಗಲ ಮ್ಯಾಲೆ ಹೊತ್ಕೊಂಡು ಡಾಂಬರ ರಸ್ತಾ ಮಟಾ ನಡದೀನಿ. ಒಣಗಿದ ಮ್ಯಾಲೆ ನೋಡ್ರಿ, ಕರೇ ಶೂ ಬೂದಿ ಬಣ್ಣ ಆಗಿರ್ತೈತಿ. ಹಸಿ ಇದ್ದಾಗ ಒರಸಾಕ ಹೋಗಬ್ಯಾಡ್ರಿ, ಹೊಲಿಗಿ ಒಳಗೆಲ್ಲಾ ಇಳೀತೈತಿ. ಪೂರಾ ಒಣಗಲಿ, ಎರಡೂ ಶೂ ಒಂದಕ್ಕೊಂದು ಬಡದ್ರ ಹೆಂಟಿ ಹೆಂಟಿ ಉದುರ್ತೈತಿ. ನಮ್ಮ ವಿಜಯಪುರ, ಬಾಗಲಕೋಟಿ ಹುಡುಗ್ರು ರಾಷ್ಟ್ರಮಟ್ಟದಾಗ ಮೆಡಲ್ ತರ್ತಾರ. ಅವ್ರು ಶೂ ಬಣ್ಣಾ ಕೇಳ್ಕೋತ ಕುಂತಿದ್ರ ಆಗಿತ್ತು.

ಜಯನಗರ_ಗೇರ್: ಧನ್ಯವಾದ. ಆದ್ರೆ ನಾನು ಮಣ್ಣಿನ ದಾರೀಲಿ ಹೋಗಲ್ಲ, ಪೂರ್ತಿ ಡಾಂಬರು…

ಆರುನೂರು_ಕಿಮೀ: ಎರಡೂ ಬೇಡ, ಫ್ಲೋರೊಸೆಂಟ್ ಹಳದಿ ತರಿಸಿಕೊಳ್ಳಿ. ನಾನು 600 ಕಿಮೀ ಬ್ರೆವೆ (ಗಡುವಿನೊಳಗೆ ಮುಗಿಸೋ ದೂರದ ಸೈಕಲ್ ಸವಾರಿ) ಮಾಡೋನು, 40 ಗಂಟೆಯೊಳಗೆ ಮುಗಿಸಬೇಕು, ಅಂದ್ರೆ ರಾತ್ರಿಯಿಡೀ ಹೆದ್ದಾರೀಲೇ. ರಿಫ್ಲೆಕ್ಟಿವ್ ಜಾಕೆಟ್ ಹೇಗೂ ಕಡ್ಡಾಯ. ಆದ್ರೆ ಜಾಕೆಟ್ ಅಲ್ಲಾಡಲ್ಲ, ಕಾಲು ಮೇಲೆ ಕೆಳಗೆ ಆಡ್ತಾ ಇರುತ್ತೆ. ಮುಂದೆ ಹೋಗ್ತಿರೋದು ಸೈಕಲ್ ಅಂತ ಲಾರಿಯವನಿಗೆ ಹೊಳೆಯೋದು ಅದರಿಂದ. ನಂದು 9,200 ಆಯ್ತು, ಒಂದು ಪೈಸೆಗೂ ಬೇಜಾರಿಲ್ಲ. ಕಲೆ ಗಿಲೆ ಅಂತ ಅಳೋರು ನಂದಿ ತಿಂಡಿ ರೈಡ್‌ನೋರು.

ಬಿಳಿಯೇ_ಬೇಕು: ನಿಮ್ಮ ಫ್ಲೋರೊಸೆಂಟ್ ಹೊಳೆಯೋದು ಸೂರ್ಯನ ಅತಿನೇರಳೆ ಕಿರಣಕ್ಕೆ. ರಾತ್ರಿ ಹೆಡ್‌ಲೈಟಲ್ಲಿ ಕಾಣೋದು ಹಿಮ್ಮಡಿ ಮೇಲಿನ ರಿಫ್ಲೆಕ್ಟಿವ್ ಪಟ್ಟಿ ಮಾತ್ರ. ಅದನ್ನ ನಲವತ್ತು ರೂಪಾಯಿಗೆ ತಂದು ಯಾವ ಶೂಗೆ ಬೇಕಾದ್ರೂ ಅಂಟಿಸಬಹುದು. ಆ ಹಳದಿ ಬಿಸಿಲಿಗೆ ಬೇರೆ ಮಾಸುತ್ತೆ. 600 ಓಡಿಸಿದ ಮಾತ್ರಕ್ಕೆ ಬೇರೆಯೋರ ತಿಂಡಿ ಬಗ್ಗೆ ಮಾತಾಡೋ ಹಕ್ಕು ಬರಲ್ಲ.

ಆರುನೂರು_ಕಿಮೀ: ಹಗಲಲ್ಲಿ ಲಾರಿ ಗುದ್ದಲ್ವಾ ಮೇಡಂ?

ಮೇಣದ_ಚೈನು: ಯಾರೂ ಮುಖ್ಯ ವಿಷಯ ಹೇಳ್ತಿಲ್ಲ. ಡಾಂಬರು ರಸ್ತೇಲಿ ಓಡಿಸೋನ ಶೂ ಹಾಳಾಗೋದು ಮಣ್ಣಿಂದಲ್ಲ, ಚೈನ್ ಎಣ್ಣೆಯಿಂದ. ನಿಮ್ಮ ಬಲಗಾಲಿನ ಶೂ ಒಳಪಕ್ಕ ನೋಡ್ಕೊಳ್ಳಿ, ಕರಿ ಗೀರು ಇರುತ್ತೆ, ಎಡಗಾಲಿಂದು ಸ್ವಚ್ಛ. ಎಣ್ಣೆಗೆ ಧೂಳು ಸೇರಿ, ಚೈನಿನ ಲೋಹ ಸವೆದ ಪುಡಿ ಸೇರಿ ಆಗೋ ಮಸಿ ಅದು. ಮೊದ್ಲು ಪಾತ್ರೆ ಲಿಕ್ವಿಡ್ ಒಣಗಿದ ಶೂಗೇ ಹಚ್ಚಿ ಉಜ್ಜಿ, ನೀರು ಆಮೇಲೆ. ನಾನು ಎಣ್ಣೆ ಬಿಟ್ಟು ಪ್ಯಾರಫಿನ್ ಮೇಣಕ್ಕೆ ಬಂದೆ. ಹಳೇ ರೈಸ್ ಕುಕ್ಕರ್‌ನಲ್ಲಿ ಮೇಣ ಕರಗಿಸಿ ಚೈನ್ ಅದ್ದಿ ತೆಗೆದು ನೇತುಹಾಕೋದು. ಚೈನ್ ಬೆರಳಲ್ಲಿ ಹಿಡಿದ್ರೂ ಕೈ ಕರ‍್ರಗಾಗಲ್ಲ. ಕುಕ್ಕರ್ ಮಾತ್ರ ಹಳೇದು ಅಲ್ಲ ಅಂತ ಮನೇಲಿ ಹೇಳ್ತಾರೆ, 2,100 ಕೊಟ್ಟು ಹೊಸದು ತಂದುಕೊಡಬೇಕಾಯ್ತು.

ಕದ್ರಿ_ರೈಡರ್: ಮೇಣ ನಮ್ಮ ಕಡೆಯ ಮಳೆಗೆ ನಿಲ್ಲುವುದಿಲ್ಲ. ಒಂದು ಸಲ ಒದ್ದೆಯಾದರೆ ಮರುದಿನ ಚೈನ್ ಕೆಂಪು.

ಮೇಣದ_ಚೈನು: ಒದ್ದೆ ಆದ್ಮೇಲೆ ಒರೆಸಿ ಮತ್ತೆ ಅದ್ದಬೇಕು. ಸೋಮಾರಿಗಳಿಗಲ್ಲ.

ಕದ್ರಿ_ರೈಡರ್: ನಾಲ್ಕು ತಿಂಗಳು ದಿನಾ ಚೈನ್ ಕಳಚಿ ಬೇಯಿಸಿಕೊಂಡು ಕೂರಲಿಕ್ಕೆ ನಮಗೆ ಬೇರೆ ಕೆಲಸ ಉಂಟು. ಮುಂದಿನ ಗಾಲಿಗೆ ನೆಲ ಮುಟ್ಟುವಷ್ಟು ಉದ್ದ ಫ್ಲಾಪ್ ಇರುವ ಮಡ್‌ಗಾರ್ಡ್ ಹಾಕಿ. ಶೂಗೆ ಕೊಚ್ಚೆ ಹಾರುವುದು ಆ ಗಾಲಿಯಿಂದಲೇ.

ತುರಹಳ್ಳಿ_ಧೂಳು: ರೋಡ್ ಬೈಕಿಗೆ ಮಡ್‌ಗಾರ್ಡ್! ಹಾಲಿನ ಕ್ಯಾನ್ ಕಟ್ಟೋಕೆ ಕ್ಯಾರಿಯರ್ರೂ ಹಾಕಿಸ್ಲಾ?

ಧಾರವಾಡ_ಪೆಡ್ಲು: ಹಾಕಸ್ರಿ. ನಮ್ಮಪ್ಪ ಹಂಗ ಹಾಲ ಹಾಕೇ ನನಗ ಮೊದಲನೇ ಸೈಕಲ್ ಕೊಡಸ್ಯಾನ. ನಿಂಬಿಹಣ್ಣಿನ ಲೆಕ್ಕಾ ಹಾಕೋತ ಕುಂದ್ರಾವ್ರು ಹಾಲಿನ ಕ್ಯಾನ್ ಬಗ್ಗೆ ಮಾತಾಡಬಾರದು.